ಪುಕ್ಕಟೆ ಪ್ರವಾಸದ ಲೆಕ್ಕ

‘ಪುಕ್ಕಟೆ’ ಎಂಬ ಶಬ್ದಕ್ಕೆ ನಮ್ಮ ಮನೆತನಗಳಲ್ಲಿ ಹಿಂದಿನಿಂದಲೂ ಅಷ್ಟೊಂದು ಗೌರವವಿಲ್ಲ. ದುಡಿದು ಉಣ್ಣಬೇಕು, ಉಂಡುದರಲ್ಲಿ ಹಂಚಬೇಕು ಎಂಬ ಮಾತನ್ನು ಕೇಳುತ್ತ ಬೆಳೆದವರಿಗೆ ದುಡಿಯದೆ ಬಂದುದನ್ನು ಕಂಡರೆ ಒಂದಿಷ್ಟು ಸಂಕೋಚವೇ ಆಗುತ್ತದೆ. ಆದರೆ ಕಾಲ ಬದಲಾದಂತೆ ಪುಕ್ಕಟೆಯ ರೂಪವೂ ಬದಲಾಗಿದೆ. ಒಂದು ಕಾಲದಲ್ಲಿ ಚಹಾಪುಡಿಯ ಪೊಟ್ಟಣದೊಡನೆ ಚಮಚ, ಸಾಬೂನಿನ ಪುಡಿಯೊಡನೆ ಬಕೀಟು ಬರುತ್ತಿದ್ದವು. ಇಂದು ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟುಗಳಿಂದ ವಿಮಾನದ ಟಿಕೇಟು, ಅರಮನೆಯಂತಹ ಹೋಟೆಲಿನ ಕೋಣೆ ಬರುತ್ತಿವೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿ ಮಾಡುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಆಡುವ ಮಾತುಗಳಲ್ಲಿ ಈ ಪಾಯಿಂಟುಗಳ ಸುದ್ದಿಯೂ ಒಂದಾಗಿದೆ. ಅದನ್ನು ಕೇಳಿದ ನಮ್ಮ ಭಾಗದ ಇತರ ಮಕ್ಕಳಿಗೂ ಆಸೆ ಹುಟ್ಟುವುದು ಸಹಜ. ಆದುದರಿಂದ ಈ ವಿಷಯವನ್ನು ನಮ್ಮ ಮನೆಯ ಅನುಭವದಿಂದಲೇ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನಮ್ಮದು ಮೂರು ಊರುಗಳಲ್ಲಿ ಹಂಚಿಹೋದ ಕುಟುಂಬ. ನಾವು ಶಿಕ್ಷಕ ವೃತ್ತಿಯಿಂದ ನಿವೃತ್ತರಾಗಿ ಯಾದಗಿರಿಯಲ್ಲಿ ನೆಲೆಸಿದ್ದೇವೆ. ತಮ್ಮನ ಮನೆ ಶಹಾಪುರ ತಾಲ್ಲೂಕಿನಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯ ಒಂದು ಹಳ್ಳಿಯಲ್ಲಿದೆ. ಹತ್ತಿ, ತೊಗರಿ, ಮೆಣಸಿನಕಾಯಿ ಅವರ ಬೆಳೆಗಳು. ಮಗಳನ್ನು ಸುರಪುರಕ್ಕೆ ಕೊಟ್ಟಿದ್ದೇವೆ. ಅಳಿಯಂದಿರದು ಬಟ್ಟೆಯ ವ್ಯಾಪಾರ. 2009ರ ಡಿಸೆಂಬರಿನಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ಆದಾಗ ಅದರಲ್ಲಿದ್ದವು ಈ ಮೂರೇ ತಾಲ್ಲೂಕುಗಳು. ಜಿಲ್ಲೆಯೊಂದೇ ಆದರೂ ಮೂರು ಮನೆಗಳಿಗೆ ಹಣ ಬರುವ ದಾರಿ ಬೇರೆ ಬೇರೆ. ಒಂದಕ್ಕೆ ತಿಂಗಳ ಪಿಂಚಣಿ ಮತ್ತು ಮಗನ ಸಂಬಳ, ಒಂದಕ್ಕೆ ವರ್ಷದ ಬೆಳೆ, ಒಂದಕ್ಕೆ ದಿನದ ಗಲ್ಲಾ. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ನಮ್ಮ ಮಗ ನಮ್ಮೆಲ್ಲರನ್ನೂ ರಾಜಸ್ಥಾನದ ಉದಯಪುರಕ್ಕೆ ಕರೆದೊಯ್ದನು. ನಾವು ದಂಪತಿಗಳು, ಎಪ್ಪತ್ತೆಂಟರ ನಮ್ಮ ಅವ್ವ, ಮಗ, ಸೊಸೆ, ಮೊಮ್ಮಗಳು, ಹೀಗೆ ಆರು ಜನ. ಮಗನ ಸಂಸಾರ ಎರಡು ದಿನ ಮೊದಲೇ ಯಾದಗಿರಿಗೆ ಬಂದಿತ್ತು. ಗುರುಮಠಕಲ್, ನಾರಾಯಣಪೇಟೆ, ಮಹಬೂಬನಗರಗಳ ಮೇಲೆ ಹಾದು ಶಂಷಾಬಾದಿನ ವಿಮಾನ ನಿಲ್ದಾಣ ಸೇರಿದೆವು. ಯಾದಗಿರಿಯ ಸ್ಟೇಷನ್ನಿನಲ್ಲಿ ಮುಂಬಯಿ–ಚೆನ್ನೈ ಗಾಡಿಗಳನ್ನು ನೋಡುತ್ತ ಬಾಳಿದ ಅವ್ವನಿಗೆ ಅದೇ ಮೊದಲ ವಿಮಾನ ಪ್ರಯಾಣ. ಪಿಚೋಲಾ ಕೆರೆಯ ದಂಡೆಯ ಹೋಟೆಲಿನಲ್ಲಿ ಎರಡು ರಾತ್ರಿ ಇದ್ದೆವು. ಆ ಕೆರೆಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಒಬ್ಬ ಬಂಜಾರಾ ವರ್ತಕನು ಕಟ್ಟಿಸಿದನೆಂಬ ಪ್ರತೀತಿಯಿದೆ. ದೋಣಿಯವನು ಇದನ್ನು ಹೇಳಿದಾಗ ಅವ್ವ, “ನಮ್ಮ ಲಂಬಾಣಿ ಮಂದಿನಾ?” ಎಂದು ಬೆರಗಾದರು. ನಳ ತಿರುವಿದೊಡನೆ ಬರುವ ಬಿಸಿನೀರು, ಬೆಳಗಿನ ಕೆರೆಯ ಗಾಳಿ, ಊಟದಲ್ಲಿ ನಮ್ಮ ಪದ್ಧತಿಗೆ ಒಂದಿಷ್ಟೂ ತೊಂದರೆಯಾಗದ ಸಸ್ಯಾಹಾರ, ಇವೆಲ್ಲ ಅವರಿಗೆ ಮನಸಾರೆ ಹಿಡಿಸಿದವು. ವೃದ್ಧ ತಾಯಿಯ ಮುಖದಲ್ಲಿ ಅಂತಹ ಸಂತೋಷವನ್ನು ಕಾಣುವುದು ಮಕ್ಕಳ ಭಾಗ್ಯವೇ ಸರಿ. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ.

ಎರಡನೆಯ ದಿನ ಅವ್ವ ಕೋಣೆಯ ಬಾಡಿಗೆಯನ್ನು ವಿಚಾರಿಸಿದರು. ಮೊಮ್ಮಗನು ನಗುತ್ತ, “ಹೋಟೆಲು ಪುಕ್ಕಟೆ, ಅಮ್ಮಾ. ಕಾರ್ಡಿನ ಪಾಯಿಂಟ್ನ್ಯಾಗ ಬಂತು” ಎಂದನು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಕ್ಕಟೆ ಅಂದ್ರ ಯಾರ ರೊಕ್ಕಪಾ?” ಎಂದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವನ ಆ ಪ್ರಶ್ನೆಗೆ ಇಂಜಿನಿಯರಿಂಗ್ ಓದಿದ ಮಗನಲ್ಲಿಯಾಗಲಿ, ನಲವತ್ತು ವರ್ಷ ಗಣಿತ ಕಲಿಸಿದ ನಮ್ಮಲ್ಲಿಯಾಗಲಿ ಆ ಕ್ಷಣ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ತಂದೆ-ಮಗ ಕುಳಿತು ಲೆಕ್ಕ ಬರೆದೆವು.

ಮಗನು ಮೂರು ವರ್ಷ ಮನೆಯ ದಿನಸಿ, ಮಗಳ ಶಾಲೆಯ ಫೀ, ವಿಮೆಯ ಕಂತು, ಆಸ್ಪತ್ರೆ, ಬಟ್ಟೆ, ಹೀಗೆ ಹೇಗೂ ಮಾಡಲೇಬೇಕಾದ ಖರ್ಚುಗಳನ್ನು ಕಾರ್ಡಿನಿಂದಲೇ ಮಾಡಿದ್ದನು. ವರ್ಷಕ್ಕೆ 8 ಲಕ್ಷದಂತೆ ಒಟ್ಟು 24 ಲಕ್ಷ ರೂಪಾಯಿ. ಅವನ ಕಾರ್ಡಿನಲ್ಲಿ ಪ್ರತಿ 150 ರೂಪಾಯಿಗೆ 4 ಅಂಕಗಳು. ಆದುದರಿಂದ 64,000 ಅಂಕ. ವರ್ಷದ ಖರ್ಚು ಒಂದು ಮಿತಿಯನ್ನು ದಾಟಿದುದಕ್ಕೆ ವರ್ಷಕ್ಕೆ 10,000ದಂತೆ 30,000 ಅಂಕಗಳ ಹೆಚ್ಚಳ. ಎಲ್ಲ ಸೇರಿ 94,000. ಇವನ್ನು ಹೋಟೆಲು-ವಿಮಾನಗಳಿಗೆ ಬಳಸಿದರೆ ಅಂಕವೊಂದಕ್ಕೆ 50 ಪೈಸೆ. ಬಿಲ್ಲಿನಲ್ಲಿ ಹಣವಾಗಿ ವಜಾ ಮಾಡಿಸಿಕೊಂಡರೆ 20 ಪೈಸೆ ಮಾತ್ರ. ಅಂದರೆ ಅದೇ ಅಂಕಗಳು ಒಂದು ದಾರಿಯಲ್ಲಿ 47,000 ರೂಪಾಯಿ, ಇನ್ನೊಂದು ದಾರಿಯಲ್ಲಿ 18,800 ರೂಪಾಯಿ. ಮಗನು ಮೊದಲನೆಯ ದಾರಿಯನ್ನು ಹಿಡಿದದ್ದು ಜಾಣತನವೇ. ಮೊದಲ ವರ್ಷದ ಕಾರ್ಡಿನ ಶುಲ್ಕ ತೆರಿಗೆ ಸೇರಿ 2,950 ರೂಪಾಯಿಯನ್ನು ಕಳೆದರೆ ಉಳಿದ ಲಾಭ 44,050. ಇಪ್ಪತ್ತನಾಲ್ಕು ಲಕ್ಷಕ್ಕೆ ಇದು ನೂರಕ್ಕೆ ಎರಡು ರೂಪಾಯಿಯೂ ಆಗುವುದಿಲ್ಲ.

ಇನ್ನು ಪ್ರವಾಸದ ಖರ್ಚು. ಎರಡು ಕೋಣೆ, ಎರಡು ರಾತ್ರಿ, ಕೋಣೆಗೆ 14,000ದಂತೆ 56,000 ರೂಪಾಯಿ; ಅಂಕಗಳು ಕಳೆದು ಕೈಯಿಂದ ಹೋದದ್ದು 9,000. ವಿಮಾನಕ್ಕೆ ತಲೆಗೆ ಹೋಗಿಬರುವುದು 11,000ದಂತೆ 66,000. ವಾಹನ, ದೋಣಿ, ಊಟ-ಉಪಾಹಾರಗಳಿಗೆ 27,000. ಒಟ್ಟಿನಲ್ಲಿ ‘ಪುಕ್ಕಟೆ’ ಪ್ರವಾಸಕ್ಕೆ ಮಗನ ಕೈಯಿಂದ ಬಿಟ್ಟದ್ದು 1,02,000 ರೂಪಾಯಿ. ಅಂಕಗಳಿಲ್ಲದಿದ್ದರೆ ನಾವು ರಾತ್ರಿಗೆ ನಾಲ್ಕು ಸಾವಿರದ ಕೋಣೆಯಲ್ಲಿ ಸಂತೋಷವಾಗಿ ಇಳಿಯುತ್ತಿದ್ದೆವು. ಆಗ ಕೋಣೆಗಳಿಗೆ ತಗಲುತ್ತಿದ್ದುದು 16,000. ಆ ಅಳತೆಯಿಂದ ನೋಡಿದರೆ ನಿಜವಾಗಿ ಉಳಿದ ಹಣ ಇನ್ನೂ ಕಡಿಮೆ. ಉಳಿದುದೆಲ್ಲ ಉಳಿತಾಯವಲ್ಲ, ವೈಭವ. ವೈಭವವನ್ನು ಒಮ್ಮೊಮ್ಮೆ ಅನುಭವಿಸುವುದರಲ್ಲಿ ತಪ್ಪಿಲ್ಲ. ಅದಕ್ಕೆ ಉಳಿತಾಯವೆಂದು ಹೆಸರಿಡಬಾರದು, ಅಷ್ಟೇ.

ಆದರೆ ಆ 47,000 ರೂಪಾಯಿ ಎಲ್ಲಿಂದ ಬಂದಿತು? ಅವ್ವನ ಪ್ರಶ್ನೆಯ ಈ ಭಾಗಕ್ಕೆ ಉತ್ತರ ದೊರೆತದ್ದು ಸುರಪುರದ ಅಳಿಯಂದಿರ ಅಂಗಡಿಯಲ್ಲಿ. ಮದುವೆಯ ಬಟ್ಟೆಗೆ ಬಂದ ಒಂದು ಕುಟುಂಬ 40,000 ರೂಪಾಯಿಯ ಸೀರೆಗಳನ್ನು ಕೊಂಡು ಕಾರ್ಡನ್ನು ಯಂತ್ರಕ್ಕೆ ಒತ್ತಿತು. ಮರುದಿನ ಅಳಿಯಂದಿರ ಖಾತೆಗೆ ಜಮೆಯಾದದ್ದು 39,056 ರೂಪಾಯಿ. ನೂರಕ್ಕೆ ಎರಡರಂತೆ 800, ಅದರ ಮೇಲೆ ಶೇಕಡಾ 18ರ ತೆರಿಗೆ 144, ಇವು ನಡುವೆಯೇ ಮುರಿದುಹೋಗಿದ್ದವು. ವರ್ತಕನಿಂದ ಮುರಿದುಕೊಂಡ ಈ ಹಣದಲ್ಲಿಯೇ ಕಾರ್ಡು ಕೊಟ್ಟ ಬ್ಯಾಂಕಿನ ಪಾಲು ಇದೆ. ಆ ಪಾಲಿನಲ್ಲಿಯೇ ಗ್ರಾಹಕನ ಅಂಕಗಳ ಬೆಲೆಯೂ ಇದೆ. “ಮಾವನವರೇ, ನೀವು ಉದಯಪುರಕ್ಕೆ ಹೋಗಿ ಬಂದದ್ದು ನಮ್ಮಂಥ ಅಂಗಡಿಯವರ ರೊಕ್ಕದಾಗ” ಎಂದು ಅಳಿಯಂದಿರು ನಕ್ಕರು. ಆ ನಗೆಯಲ್ಲಿ ಸತ್ಯವಿತ್ತು.

ವರ್ತಕನೂ ಸಂಸಾರಿಯೇ. ಈ ಎರಡು ರೂಪಾಯಿಯನ್ನು ಅವನು ಸರಕಿನ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕಾಗುತ್ತದೆ. ಹಾಗೆ ಸೇರಿಸಿದ ಬೆಲೆಯನ್ನು ಕಾರ್ಡಿನವರು ಮಾತ್ರವಲ್ಲ, ಸಂತೆಯ ದಿನ ಸೆರಗಿನ ಗಂಟನ್ನು ಬಿಚ್ಚಿ ನೋಟು ಎಣಿಸುವ ಕೂಲಿಯ ತಾಯಿಯೂ ಕೊಡುತ್ತಾಳೆ. ಅವಳಿಗೆ ಅಂಕಗಳಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳ ಮೂಲಕ ನೇರ ಉಳಿತಾಯ ಖಾತೆಯಿಂದ ಕೊಡುವ ಹಣಕ್ಕೆ ವರ್ತಕರಿಂದ ಶುಲ್ಕ ಪಡೆಯುವುದನ್ನು ನಿಲ್ಲಿಸಲಾಗಿದೆ. ಆ ದಾರಿಯಲ್ಲಿ ವರ್ತಕನಿಗೆ ಪೂರ್ತಿ ಹಣ ಸಿಗುತ್ತದೆ. ಪರಿಚಯದ ಸಣ್ಣ ಅಂಗಡಿಗಳಲ್ಲಿ ನಾವು ಈಗ ಹಾಗೆಯೇ ಕೊಡುತ್ತೇವೆ.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಅವಶ್ಯಕತೆ ಇರಲಿಲ್ಲ. ಬರೆಯಬೇಕಾಗಿ ಬಂದದ್ದು ಶಹಾಪುರದ ಮನೆಯ ಕಾರಣದಿಂದ.

ಉದಯಪುರದ ಭಾವಚಿತ್ರಗಳು ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿದ್ದವು. ‘ಪಾಯಿಂಟ್ ಮೇಲೆ ಹೋಟೆಲು’ ಎಂಬ ಒಕ್ಕಣೆಯೂ ಜೊತೆಗಿತ್ತು. ತಮ್ಮನ ಮಗ ಒಳ್ಳೆಯ ಹುಡುಗ, ಕಷ್ಟಪಟ್ಟು ದುಡಿಯುವವನು. ಅವನಿಗೂ ಹೆಂಡತಿ-ಮಕ್ಕಳನ್ನು ಗೋವಾದ ಸಮುದ್ರಕ್ಕೆ ಕರೆದೊಯ್ಯುವ ಆಸೆ. ಅಷ್ಟರಲ್ಲಿ ಒಂದು ಬ್ಯಾಂಕು ಫೋನಿನಲ್ಲಿಯೇ ಅವನಿಗೆ ಕ್ರೆಡಿಟ್ ಕಾರ್ಡನ್ನು ಮಂಜೂರು ಮಾಡಿತು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ 2022ರಲ್ಲಿಯೇ ಬಂದಿದ್ದುದರಿಂದ ಗೊಬ್ಬರದ ಅಂಗಡಿಯ ಕ್ಯೂಆರ್ ಚಿತ್ರಕ್ಕೆ ಫೋನು ಹಿಡಿದರೆ ಸಾಕಾಗುತ್ತಿತ್ತು. 2024ರ ಮುಂಗಾರಿನಲ್ಲಿ ಹತ್ತಿಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಅವನು ಹಾಗೆಯೇ ಕೊಂಡನು. ಮೊತ್ತ 90,000 ರೂಪಾಯಿ. ಸಹಕಾರಿ ಸಂಘದ ಸಾಲವನ್ನು ಆ ವರ್ಷ ಕೇಳಲೇ ಇಲ್ಲ. ಸಂಘಕ್ಕೆ ಪಹಣಿ ಬೇಕು, ಸಹಿ ಬೇಕು, ಹತ್ತು ಸಲ ಅಲೆಯಬೇಕು. ಕಾರ್ಡಿಗೆ ಹತ್ತು ನಿಮಿಷ ಸಾಕು. ಯುವಕನಿಗೆ ಯಾವುದು ಹಿತವೆನಿಸೀತು?

ಕಾರ್ಡಿನ ಬಡ್ಡಿರಹಿತ ಅವಧಿ ಹೆಚ್ಚೆಂದರೆ ಐವತ್ತು ದಿನದ ಆಸುಪಾಸು. ತಿಂಗಳ ಮೊದಲ ದಿನ ಸಂಬಳ ಬರುವವನಿಗೆ ಅದು ಧಾರಾಳ. ಆದರೆ ಜೂನಿನಲ್ಲಿ ಊರಿದ ಹತ್ತಿಬೀಜ ಆಗಸ್ಟಿನಲ್ಲಿ ಹಣವಾಗುವುದಿಲ್ಲ. ಕಾಯಿ ಒಡೆದು, ಹತ್ತಿ ಬಿಡಿಸಿ, ಮಾರುಕಟ್ಟೆಗೆ ಒಯ್ದು ಪಟ್ಟಿ ಕೈಗೆ ಬರುವಷ್ಟರಲ್ಲಿ ದೀಪಾವಳಿ ದಾಟಿರುತ್ತದೆ. ಕಾರ್ಡು ಪಟ್ಟಣದ ಕ್ಯಾಲೆಂಡರನ್ನು ನೋಡಿ ನಡೆಯುತ್ತದೆ, ಹೊಲ ಮಳೆಯ ನಕ್ಷತ್ರಗಳನ್ನು ನೋಡಿ ನಡೆಯುತ್ತದೆ. ಎರಡೂ ಕೂಡಿಬರುವುದಿಲ್ಲ.

ಆಗಸ್ಟಿನಲ್ಲಿ ಬಿಲ್ಲು ಬಂದಾಗ ಅದರಲ್ಲಿ ಎರಡು ಅಂಕಿಗಳಿದ್ದವು. ಒಂದು ಪೂರ್ಣ ಬಾಕಿ, ಇನ್ನೊಂದು ‘ಕನಿಷ್ಠ ಮೊತ್ತ’ 4,500 ರೂಪಾಯಿ. ಕನಿಷ್ಠ ಮೊತ್ತವನ್ನು ಕಟ್ಟಿದರೆ ಸಾಕೆಂದು ಅವನು ತಿಳಿದನು. ಬಡ್ಡಿಯ ದರ ತಿಂಗಳಿಗೆ ಶೇಕಡಾ ಮೂರೂವರೆ. 90,000ಕ್ಕೆ 3,150 ರೂಪಾಯಿ, ಬಡ್ಡಿಯ ಮೇಲೆ ಶೇಕಡಾ 18ರ ತೆರಿಗೆ 567, ಒಟ್ಟು 3,717. ಕಟ್ಟಿದ 4,500ರಲ್ಲಿ ಅಸಲಿಗೆ ಹೋದದ್ದು 783 ರೂಪಾಯಿ ಮಾತ್ರ. ಮೂರು ತಿಂಗಳಲ್ಲಿ 13,500 ರೂಪಾಯಿ ಕಟ್ಟಿದರೂ ಅಸಲು ಇಳಿದದ್ದು ಎರಡೂವರೆ ಸಾವಿರಕ್ಕೂ ಕಡಿಮೆ. ಇದೆಲ್ಲಕ್ಕೆ ಅವನು ಗಳಿಸಿದ ಅಂಕಗಳೆಷ್ಟು? ಅವನ ಕಾರ್ಡಿನಲ್ಲಿ ನೂರು ರೂಪಾಯಿಗೆ ಒಂದು ಅಂಕ, ಅಂಕಕ್ಕೆ 25 ಪೈಸೆ. 900 ಅಂಕ, 225 ರೂಪಾಯಿ. ಗೋವಾದ ದಾರಿಯಲ್ಲಿ ನಾಲ್ವರಿಗೆ ಉಪಾಹಾರಕ್ಕೂ ಸಾಲದ ಮೊತ್ತ.

2024ರ ದೀಪಾವಳಿಗೆ ಅವನು ಯಾದಗಿರಿಗೆ ಬಂದಾಗ ಮುಖ ಬಾಡಿತ್ತು. ಕೇಳಿದ ಮೇಲೆ ಬಿಲ್ಲುಗಳನ್ನು ತೋರಿಸಿದನು. ಲೆಕ್ಕ ಬಿಡಿಸಿ ಹೇಳಿದಾಗ ಅವನು ಸಿಟ್ಟಾಗಲಿಲ್ಲ, ತಲೆ ತಗ್ಗಿಸಿಕೊಂಡು, “ದೊಡ್ಡಪ್ಪಾ, ಅಣ್ಣಗ ಕೂಡಿಬಂದದ್ದು ನನಗ ಯಾಕ ಕೂಡಿಬರಲಿಲ್ಲ?” ಎಂದನು. ಒಂದೇ ಅಜ್ಜನ ಮೊಮ್ಮಕ್ಕಳು. ಒಬ್ಬನು ಕಾರ್ಡಿನಿಂದ ತಾಯಿ-ತಂದೆಗೆ ಕೆರೆಯ ದಂಡೆಯ ಹೋಟೆಲನ್ನು ತೋರಿಸಿದನು, ಇನ್ನೊಬ್ಬನು ಅದೇ ಬಗೆಯ ಕಾರ್ಡಿನಿಂದ ಹೆಂಡತಿಯ ಕೊರಳಿನ ಸರವನ್ನು ಅಡವಿಡುವ ಯೋಚನೆಗೆ ಬಂದನು. ನಮ್ಮ ಮಗನೂ ಆಗ ಅಲ್ಲಿಯೇ ಇದ್ದನು. ಅವನ ಮುಖದಲ್ಲಿಯೂ ಮಾತು ಉಳಿದಿರಲಿಲ್ಲ. ಬ್ಯಾಂಕು ಒಬ್ಬರಿಗೆ ಅಂಕಗಳನ್ನು ಹಂಚುವಾಗ ಇನ್ನೊಬ್ಬರ ಬಡ್ಡಿಯಿಂದಲೂ ಗಳಿಸುತ್ತಿರುತ್ತದೆ. ಅವ್ವನ ಪ್ರಶ್ನೆಗೆ ಅಳಿಯಂದಿರು ಕೊಟ್ಟ ಉತ್ತರ ಅರ್ಧವಾಗಿತ್ತು. ಉಳಿದರ್ಧ ಶಹಾಪುರದ ಬಿಲ್ಲಿನಲ್ಲಿತ್ತು.

ಆ ದಿನವೇ ನಾವೂ ಮಗನೂ ಕೂಡಿ ಅವನ ಬಾಕಿಯನ್ನು ಪೂರ್ತಿ ಕಟ್ಟಿಸಿದೆವು. ಕೊಟ್ಟದ್ದು ದಾನವೆಂದಲ್ಲ, ಕೈಗಡವೆಂದು; ಹತ್ತಿ ಮಾರಿದ ಮೇಲೆ ಬಡ್ಡಿಯಿಲ್ಲದೆ ಮರಳಿಸತಕ್ಕದ್ದೆಂದು. ಹುಡುಗನ ಮಾನವೂ ಉಳಿಯಬೇಕಲ್ಲವೇ? ನಂತರ ಅವನನ್ನು ಕರೆದುಕೊಂಡು ಸಹಕಾರಿ ಸಂಘಕ್ಕೆ ಹೋದೆವು. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕವೂ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇಕಡಾ 7. ಸಕಾಲಕ್ಕೆ ಮರಳಿಸಿದವರಿಗೆ ಶೇಕಡಾ 4 ಮಾತ್ರ. ಅತ್ತ ಇನ್ನೊಂದು ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 42. ಎರಡರ ಹೆಸರಿನಲ್ಲಿಯೂ ‘ಕ್ರೆಡಿಟ್ ಕಾರ್ಡು’ ಎಂದೇ ಇದೆ. ಒಂದು ಬೆಳೆಯ ಕಾಲವನ್ನು ಕಾಯುತ್ತದೆ, ಇನ್ನೊಂದು ಕಾಯುವುದಿಲ್ಲ. ಹೊಲದ ಖರ್ಚಿಗೆ ಯಾವುದು ಯೋಗ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಡ್ಡಿಗೆ ಸರಕಾರದ ಮಿತಿ ಇಲ್ಲವೇ ಎಂದು ಕೆಲವರು ಕೇಳಬಹುದು. ಶೇಕಡಾ 30ಕ್ಕಿಂತ ಹೆಚ್ಚು ಪಡೆಯಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ಅದನ್ನು ರದ್ದುಪಡಿಸಿತು. ಆದುದರಿಂದ ನಮ್ಮ ಎಚ್ಚರವೇ ನಮಗೆ ಮಿತಿ. ಆದರೂ ಗ್ರಾಹಕರಿಗೆ ಕೆಲವು ರಕ್ಷಣೆಗಳಿವೆ. ರಿಸರ್ವ್ ಬ್ಯಾಂಕಿನ ನಿರ್ದೇಶನಗಳಂತೆ, ಕೇಳದವರಿಗೆ ಕಾರ್ಡನ್ನು ಕಳುಹಿಸುವಂತಿಲ್ಲ. ಬಾಕಿಯೆಲ್ಲ ತೀರಿಸಿದವರು ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕು. ತಮ್ಮನ ಮಗ ತನ್ನ ಕಾರ್ಡನ್ನು ಹೀಗೆಯೇ ಮುಚ್ಚಿಸಿದನು.

ಅಂಕಗಳು ಹಣವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಖರೀದಿಗೆ ಪ್ರತಿಯಾಗಿ ಚೀಟಿ ಕೊಟ್ಟು ಗಿರಾಕಿಯನ್ನು ಹಿಡಿದಿಡುವ ಉಪಾಯ ಅಮೆರಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಷ್ಟು ಹಳೆಯದು. ಅಲ್ಲಿನ ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಅದನ್ನು ತನ್ನ ವಿಮಾನ ಪ್ರಯಾಣಕ್ಕೆ ತಂದಿತು. ನಮ್ಮ ಬೆಂಗಳೂರಿನಲ್ಲಿಯೇ ನೆಲೆಯಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿದಾಗ, ಕೂಡಿಟ್ಟ ಅಂಕಗಳಿಂದ ಅದರ ವಿಮಾನವನ್ನೇರುವ ದಾರಿಯೂ ಮುಚ್ಚಿಹೋಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅಂಕಗಳು ಉಳಿದವಾದರೂ ಅವುಗಳ ಯಜಮಾನ ಬದಲಾದನು. ಅಂಕದ ಬೆಲೆಯನ್ನು ಇಳಿಸುವುದು, ಅವಧಿ ಮುಗಿಯಿತೆಂದು ಅಳಿಸುವುದು, ಇಂತಿಂತಹ ಖರ್ಚಿಗೆ ಅಂಕವಿಲ್ಲವೆನ್ನುವುದು, ಇವೆಲ್ಲ ಕೊಟ್ಟವರ ಕೈಯಲ್ಲಿವೆ. ಮಗಳ ಮದುವೆಗೆ, ಮಗನ ಓದಿಗೆಂದು ಅಂಕಗಳನ್ನು ಕೂಡಿಡಲು ಬರುವುದಿಲ್ಲ. ಅವು ಬೇಗ ಬಳಸಬೇಕಾದ ವಸ್ತುಗಳು.

ಹಾಗಾದರೆ ಕಾರ್ಡು ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ತಿಂಗಳ ವರಮಾನ ಖಚಿತವಾಗಿರುವವರು, ಹೇಗೂ ಮಾಡಬೇಕಾದ ಖರ್ಚನ್ನು ಮಾತ್ರ ಕಾರ್ಡಿನಿಂದ ಮಾಡಿ, ಪೂರ್ಣ ಬಾಕಿಯು ಗಡುವಿನೊಳಗೆ ತಾನಾಗಿಯೇ ಖಾತೆಯಿಂದ ಕಡಿತವಾಗುವಂತೆ ಏರ್ಪಡಿಸಿಕೊಂಡರೆ, ಅಂಕಗಳು ಅವರಿಗೆ ನಿಜವಾಗಿಯೂ ಸಲ್ಲುತ್ತವೆ. ನಮ್ಮ ಮಗನು ಮೂರು ವರ್ಷದಲ್ಲಿ ಒಂದು ಪೈಸೆ ಬಡ್ಡಿಯನ್ನೂ ಕೊಟ್ಟಿರಲಿಲ್ಲ. ಅವ್ವನು ವಿಮಾನ ಏರಿದ್ದು ಆ ಶಿಸ್ತಿನ ಫಲ. ಒಂದು ತಿಂಗಳು ಪೂರ್ತಿ ಕಟ್ಟದೆ ಬಾಕಿ ಉಳಿಸಿದರೆ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ. ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಒಂದು ತಿಂಗಳ ಬಡ್ಡಿ ಒಂದು ವರ್ಷದ ಅಂಕಗಳನ್ನು ತಿಂದುಹಾಕಬಲ್ಲದು. ಬೆಳೆಯ ಮೇಲೆ, ಮಳೆಯ ಮೇಲೆ, ಮಾರುಕಟ್ಟೆಯ ದರದ ಮೇಲೆ ಬಾಳುವ ಮನೆಗಳು ಬಿತ್ತನೆಯ ಖರ್ಚಿಗೆ ಈ ಕಾರ್ಡನ್ನು ಮುಟ್ಟದಿರುವುದೇ ಕ್ಷೇಮ. ಅಂಕಗಳಿಗಾಗಿ ಒಂದು ರೂಪಾಯಿಯನ್ನಾದರೂ ಹೆಚ್ಚಿಗೆ ಖರ್ಚು ಮಾಡಿದವರು ಎರಡು ಪೈಸೆಗಾಗಿ ತೊಂಬತ್ತೆಂಟು ಪೈಸೆಯನ್ನು ಕಳೆದುಕೊಂಡಂತೆ.

ನಮ್ಮ ಕುಟುಂಬದಲ್ಲಿ ಈಗ ಒಂದು ರೂಢಿ ಬೆಳೆದಿದೆ. ಯಾರ ಮನೆಯಲ್ಲಿಯೇ ಆಗಲಿ ಪ್ರವಾಸ, ವಾಹನ, ಮನೆಯ ವಿಸ್ತರಣೆಯಂತಹ ಕಾರ್ಯವಾದರೆ ಭಾವಚಿತ್ರಗಳನ್ನು ಹಂಚಿಕೊಳ್ಳುವಂತೆ ಅದರ ಲೆಕ್ಕವನ್ನೂ ಹಬ್ಬದ ದಿನ ಎಲ್ಲರೆದುರು ಹೇಳುವುದು. ಎಷ್ಟು ಕೈಯಿಂದ ಹೋಯಿತು, ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ಅಂಕ, ಇವೆಲ್ಲ ಮಕ್ಕಳ ಕಿವಿಗೂ ಬೀಳಬೇಕು. ಚಿತ್ರ ತಲುಪಿದ ಮನೆಗೆ ಲೆಕ್ಕವೂ ತಲುಪಿದರೆ ಒಬ್ಬರ ಸಂತೋಷ ಇನ್ನೊಬ್ಬರಿಗೆ ಉರುಳಾಗುವುದಿಲ್ಲ. ಒಕ್ಕಲುತನದ ಮನೆಗಳಲ್ಲಿ ರಾಶಿಯ ದಿನ ಎಲ್ಲರೆದುರೇ ಕಾಳು ಅಳೆಯುತ್ತಿದ್ದ ಹಿರಿಯರ ಪದ್ಧತಿಗೆ ಇದು ಹೊರತೇನಲ್ಲ.

2025ರ ಸಂಕ್ರಾಂತಿಗೆ ತಮ್ಮನ ಮಗ ಅರವತ್ತು ಸಾವಿರ ರೂಪಾಯಿಗಳನ್ನು ತಂದು ಅವ್ವನ ಕೈಗಿತ್ತನು. ಉಳಿದುದನ್ನು ತೊಗರಿಯ ಪಟ್ಟಿ ಬಂದ ಮೇಲೆ ಕೊಟ್ಟು ತೀರಿಸಿದನು. ಆ ವರ್ಷದ ಬಿತ್ತನೆಗೆ ಸಂಘದ ಸಾಲ ಸಕಾಲದಲ್ಲಿ ಸಿಕ್ಕಿತು. ಗೋವಾದ ಆಸೆಯನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ನಾವೂ ಹೇಳಿಲ್ಲ. ಪ್ರತಿ ಹತ್ತಿಯ ಪಟ್ಟಿಯಿಂದ ಎರಡು ಸಾವಿರದಂತೆ ಅಂಚೆ ಕಚೇರಿಯ ಖಾತೆಗೆ ಹಾಕುತ್ತಿದ್ದಾನೆ. ಹೋಗುವ ದಿನ ಬಂದಾಗ ಆ ಪ್ರವಾಸ ಪುಕ್ಕಟೆಯದಾಗಿರುವುದಿಲ್ಲ. ಆದರೆ ಯಾರ ರೊಕ್ಕವೆಂದು ಅವನ ಮಕ್ಕಳು ಕೇಳಿದರೆ ಅವನು ತಡವರಿಸಬೇಕಾಗಿಯೂ ಇಲ್ಲ.